ಏರು ರಸ್ತೆಗೆ ಸಾಲುವಷ್ಟು ಕರೆಂಟು

ರಾಮನಗರ
ಫೆಬ್ರವರಿ 4, 2025

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಅಮೂಲ್ಯಳ ನಮಸ್ಕಾರ. ಸಂಕ್ರಾಂತಿಗೆ ಮೊದಲೇ ಬರೆಯಬೇಕಿತ್ತು, ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಶುರು ಮಾಡುವುದು, ಹರಿದು ಹಾಕುವುದು, ಹೀಗೇ ಆಯಿತು. ಫೋನಿನಲ್ಲಿ ಅಪ್ಪನ ಮಾತು ಬಂದ ಕೂಡಲೇ ನೀನು ಒಲೆ ಮೇಲೆ ಅನ್ನ ಐತೆ ಎಂದು ಇಟ್ಟುಬಿಡುತ್ತೀಯ. ಕಾಗದವನ್ನೂ ಇಡಬಹುದು, ಆದರೆ ಇಟ್ಟ ಕಡೆಯೇ ಅದು ಬಿದ್ದಿರುತ್ತದೆ, ಯಾವತ್ತಾದರೂ ಓದುತ್ತೀಯ. ನಿನ್ನ ತವರು ಕೋಡಿಹಳ್ಳಿಯ ಬಸ್ಸಿನ ನರೇಂದ್ರಣ್ಣನ ಕೈಗೆ ಕೊಡುತ್ತಿದ್ದೇನೆ. ಅಪ್ಪನ ಗಾಡಿಯಲ್ಲಿ ಅಷ್ಟು ಕಾಲ ಕಂಡಕ್ಟರ್ ಆಗಿದ್ದವರು, ಒಂದು ಲಕೋಟೆಯನ್ನು ಕಳೆಯಲಾರರು.

ಅಜ್ಜಿಯ ಸೊಂಟ ಹೇಗಿದೆ? ಅಜ್ಜಿಯೇ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಿ ಬರುತ್ತಾರೆಂದು ನರೇಂದ್ರಣ್ಣ ಹೇಳಿದರು. ಕೇಳಿ ಸಂತೋಷವಾಯಿತು.

ಇಲ್ಲಿ ಅಪ್ಪ ನೀನು ಹೋದಾಗ ಹೇಗಿದ್ದನೋ ಹಾಗೇ ಇದ್ದಾನೆ. ಸಕ್ಕರೆ ಕಾಯಿಲೆಯ ಹುಣ್ಣಿಗೆ ಎಡಗಾಲು ಹೋಗಿ ಇಷ್ಟು ಕಾಲವಾಯಿತು, ಗಾಯ ಮಾಗಿ ಚರ್ಮ ಗಟ್ಟಿಯಾಯಿತು, ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳಲು ಕೊಟ್ಟ ಕೃತಕ ಕಾಲು ಮಾತ್ರ ನಿನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಂಚದ ಕೆಳಗೇ ಇದೆ. ಇಪ್ಪತ್ತನಾಲ್ಕು ವರ್ಷ ಬಸ್ಸು ಓಡಿಸಿದ ಮನುಷ್ಯ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ತಟ್ಟೆ ಮುಂದಿಟ್ಟರೆ ಊಟ, ಇಡದಿದ್ದರೆ ಇಲ್ಲ. ನಾನು ಒಂದು ಸಭೆಗೆ ಹೋಗಿ ತಡವಾಗಿ ಬಂದರೆ ಅವನು ಹಸಿದೇ ಮಲಗಿರುತ್ತಾನೆ, ಒಂದು ಮಾತೂ ಆಡುವುದಿಲ್ಲ. ಬೈದರೆ ವಾಸಿ.

ಇನ್ನೊಂದು ಸುದ್ದಿ ಇದೆ, ಅದಕ್ಕೇ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮಾಗಡಿಯಲ್ಲಿ ಹೆಂಗಸರೇ ಸೇರಿ ನಡೆಸುವ ಒಂದು ಅಚ್ಚುಕೂಟವಿದೆ. ಕೂಲಿಯವರ, ರೈತರ, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪುಸ್ತಿಕೆಗಳನ್ನು ಅವರೇ ಬರೆದು ಅವರೇ ಅಚ್ಚು ಹಾಕುತ್ತಾರೆ. ನಾನು ಬುದ್ಧಿ ಕಲಿತದ್ದು ಕಾಲೇಜಿನಲ್ಲಲ್ಲ, ಅಂಥ ಹದಿನಾರು ಪುಟದ ಪುಸ್ತಿಕೆಗಳಲ್ಲಿ. ಅವರು ನನ್ನನ್ನು ಕರೆದಿದ್ದಾರೆ. ಮಾರ್ಚ್ ಮೊದಲ ವಾರದಿಂದ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ. ಆದರೆ ಆ ನಡುವಿನ ಹೊತ್ತು ಅಪ್ಪ ಒಬ್ಬನೇ ಇರಬೇಕು. ಎದ್ದು ಕಾಲು ಕಟ್ಟಿಕೊಂಡು ತನ್ನ ಊಟ ತಾನು ಬಡಿಸಿಕೊಳ್ಳುವ ಹಾಗಾದರೆ ನಾನು ಹೋಗುತ್ತೇನೆ. ಹೀಗೇ ಮಲಗಿದ್ದರೆ ಹೋಗಲಾರೆ. ನನ್ನ ಎಲ್ಲ ಸಿದ್ಧಾಂತವೂ ಈಗ ಈ ಮಂಚದ ಕಾಲಿಗೆ ಕಟ್ಟಿಹಾಕಿದ ಹಾಗಾಗಿದೆ.

ಹೊಸ ವರ್ಷದ ಹೊತ್ತಿಗೆ ಒಂದು ಕಂಡೆ. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಘಾಟಿ ರಸ್ತೆಯನ್ನು ವಿಡಿಯೋ ಮಾಡಿ ಹಾಕುತ್ತಾರಲ್ಲ, ಅಪ್ಪ ಫೋನಿನಲ್ಲಿ ಅದನ್ನು ನೋಡುತ್ತಿದ್ದ. ತಿರುವು ಬಂದಾಗಲೆಲ್ಲ ಹೊದಿಕೆಯ ಕೆಳಗೆ ಬಲಗಾಲು ಒತ್ತುತ್ತಿತ್ತು. ಬ್ರೇಕು ಹಾಕುತ್ತಿದ್ದ ಅವ್ವ. ಆ ಡ್ರೈವರು ಹಾಕುವುದಕ್ಕಿಂತ ಮುಂಚೆಯೇ ಹಾಕುತ್ತಿದ್ದ.

ಆಗಲೇ ನಿರ್ಧಾರ ಮಾಡಿದೆ. ಬಸ್ಸು ಓಡಿಸುವ ಕಂಪ್ಯೂಟರ್ ಆಟಗಳಿವೆ. ಮೇಜಿಗೆ ಸ್ಟೇರಿಂಗು, ನೆಲಕ್ಕೆ ಪೆಡಲು, ಮುಂದೆ ರಸ್ತೆ. ಹುಡುಗರು ಯಾರೋ ನಮ್ಮ ಕೆಂಪು ಬಸ್ಸನ್ನೂ ಅದರೊಳಗೆ ಸೇರಿಸಿದ್ದಾರೆ. ನಾನು ಆಟಗಳ ವಿರೋಧಿ ಎಂದು ನಿನಗೆ ಗೊತ್ತು. ಎಳೆಯರ ಹೊತ್ತನ್ನು ನುಂಗಿ ಕಂಪನಿಗಳು ಕೊಬ್ಬುತ್ತವೆ ಎಂದು 'ಆಟವಲ್ಲ, ಬಲೆ' ಎಂಬ ಕರಪತ್ರ ಬರೆದು ಊರೆಲ್ಲ ಅಂಟಿಸಿದವಳು. ಈಗಲೂ ಅದನ್ನೇ ಹೇಳುತ್ತೇನೆ. ಆದರೂ ಪಕ್ಕದ ಮನೆ ಅಖ್ತರಿ ಆಂಟಿಯ ಮಗ ತನ್ವೀರಣ್ಣನ ಅಂಗಡಿಗೆ ಹೋದೆ. ಅವರ ರೇಷ್ಮೆ ನೂಲಿನ ಶೆಡ್ಡಿನ ಮೇಲೆ ಕಂಪ್ಯೂಟರ್ ರಿಪೇರಿ ಇಟ್ಟುಕೊಂಡಿದ್ದಾನಲ್ಲ, ಅಲ್ಲಿಗೆ. ಅವನು ನಗುವುದು ನಿಲ್ಲಿಸಲು ಬಹಳ ಹೊತ್ತು ಬೇಕಾಯಿತು.

"ಏನ್ ಕರಪತ್ರದಮ್ಮ, ಗೇಮಿಂಗ್ ಪೀಸಿ ಕಟ್ಟಿಸ್ತೀಯಾ? ನನ್ ಬಾಗ್ಲಿಗೆ ನೀನು ಮೆತ್ತಿದ್ ಗೋಂದು ಇನ್ನೂ ಬಿಟ್ಟಿಲ್ಲ ಕಣವ್ವ" ಎಂದ.

ನಾನು ಒಂದು ಷರತ್ತು ಹಾಕಿದೆ. ಹೊಸದು ಏನನ್ನೂ ಕೊಳ್ಳುವುದಿಲ್ಲ. ಬೈರಮಂಗಲದ ಕಾಲುವೆಯಲ್ಲಿ ಹರಿಯುವ ವಿಷದ ನೊರೆ ನೋಡಿ ಬಂದವಳು ನಾನು. ಒಡೆದ ಕಂಪ್ಯೂಟರು, ಸುಟ್ಟ ತಂತಿ ಎಲ್ಲವೂ ಕೊನೆಗೆ ಯಾರದೋ ನೀರಿಗೇ ಹೋಗಿ ಸೇರುತ್ತವೆ. ಮುಚ್ಚಿಹೋದ ಒಂದು ಟ್ಯೂಷನ್ ಸೆಂಟರಿನ ಹಳೇ ಕಂಪ್ಯೂಟರು ಅವನ ಅಂಗಡಿಯಲ್ಲಿತ್ತು, ಅದನ್ನು ತೆಗೆದುಕೊಂಡೆ. ಚಿತ್ರ ಮೂಡಿಸಲು ಬೇರೆಯೇ ಗ್ರಾಫಿಕ್ಸ್ ಕಾರ್ಡು ಬೇಕು, ಅದನ್ನೂ ಯಾರೋ ಬಳಸಿ ಬಿಟ್ಟದ್ದನ್ನೇ ಹುಡುಕಿಸಿದೆ. ತನ್ವೀರಣ್ಣ ಎಲ್ಲದಕ್ಕೂ ತಲೆ ಆಡಿಸಿದ, ಒಂದಕ್ಕೆ ಮಾತ್ರ ಇಲ್ಲ. ಪವರ್ ಸಪ್ಲೈ ಒಂದನ್ನು ಹೊಸದು ತಗೋ ಎಂದ.

ಪವರ್ ಸಪ್ಲೈ ಅಂದರೆ ಪೆಟ್ಟಿಗೆಯ ಹಿಂಭಾಗದಲ್ಲಿರುವ ಇಟ್ಟಿಗೆ ಗಾತ್ರದ ತಗಡಿನ ಡಬ್ಬ ಅವ್ವ. ಗೋಡೆಯಿಂದ ಬರುವ ಕರೆಂಟನ್ನು ಇಳಿಸಿ ಒಳಗಿನ ಒಬ್ಬೊಬ್ಬರಿಗೂ ಬೇಕಾದಷ್ಟು ಬಡಿಸುವುದು ಅದರ ಕೆಲಸ. ಎಲ್ಲರೂ ಗ್ರಾಫಿಕ್ಸ್ ಕಾರ್ಡನ್ನು ಹೊಗಳುತ್ತಾರೆ, ಬಡಿಸುವವಳ ಹೆಸರು ಯಾರೂ ಎತ್ತುವುದಿಲ್ಲ. ಹಳೇ ಡಬ್ಬದ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇಷ್ಟು ಸಾಕಲ್ಲ, ಚೆನ್ನಾಗಿರುವುದನ್ನು ಯಾಕೆ ಎಸೆಯಬೇಕು, ನಿನಗೆ ವ್ಯಾಪಾರ ಬೇಕು ಎಂದು ಅವನಿಗೇ ಭಾಷಣ ಮಾಡಿದೆ. ಅವನು ಕೈ ಮುಗಿದ. ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಎಂಟು ಪಿನ್ನಿನ ತಂತಿ ಆ ಡಬ್ಬದಲ್ಲಿ ಇರಲಿಲ್ಲ. ಹಾರ್ಡ್ ಡಿಸ್ಕಿಗೆ ಹಾಕುವ ಎರಡು ತಂತಿಗಳನ್ನು ಒಂದು ಮಾಡಿ ಕೊಡುವ ಕನ್ವರ್ಟರ್ ಹಾಕಿಸಿದೆ. ಮನೆಗೆ ತಂದೆ.

ಮೇಜನ್ನು ಮಂಚದ ಹತ್ತಿರಕ್ಕೆ ಎಳೆದೆ. ಸ್ಟೇರಿಂಗನ್ನು ಬಿಗಿಯುವಾಗ ಅಪ್ಪ ಗೋಡೆಯ ಕಡೆಯೇ ಮಲಗಿದ್ದ, ಆದರೆ ಮಲಗಿರುವವರ ಉಸಿರು ಅದಲ್ಲ. ಪೆಡಲು ಇಟ್ಟಾಗ ತಿರುಗಿ ನೋಡಿದ.

"ಕ್ಲಚ್ ಎಲ್ಲೈತೆ?"

"ಇದಕ್ಕೆ ಕ್ಲಚ್ ಇಲ್ಲ ಅಪ್ಪ. ಎರಡೇ. ಬಲಗಾಲೇ ಸಾಕು."

ಅಪ್ಪ ತೋಳೂರಿ ಜರುಗಿ, ಕುರ್ಚಿಗೆ ಬಂದು ಕೂತ. ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಲೋಟ ತೊಳೆದೆ.

ಊರೊಳಗೆ ಚೆನ್ನಾಗಿ ಓಡಿಸಿದ. ಊರು ದಾಟಿ ಕಾಡು ಬಂತು, ಏರು ಬಂತು, ಆಟದಲ್ಲಿ ಮಳೆ ಶುರುವಾಯಿತು. ಅರ್ಧ ಏರಿಗೆ ಟಪ್ ಎಂದು ಎಲ್ಲವೂ ಕಪ್ಪಾಯಿತು. ಮತ್ತೆ ಹಾಕಿದೆ. ಮತ್ತೆ ಅದೇ ಏರು, ಮತ್ತೆ ಕಪ್ಪು. ಪೆಟ್ಟಿಗೆಯಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು. ಮೂರನೇ ಸಲ ಅಪ್ಪ ಎರಡೂ ಕೈಗಳನ್ನು ಸ್ಟೇರಿಂಗಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಏರಲ್ಲಿ ಗಾಡಿ ನಿಲ್ಸ್‌ಬುಟ್ಟೆ" ಎಂದ. "ಜನ ತುಂಬ್ಕಂಡು ಏರಲ್ಲಿ ಯಾವತ್ತೂ ನಿಲ್ಸಿರ್ನಿಲ್ಲ."

ನಿನ್ನದಲ್ಲ ತಪ್ಪು, ಕರೆಂಟಿನದು ಎಂದರೆ ಕೇಳಲಿಲ್ಲ. ವಾಪಸ್ಸು ಮಂಚಕ್ಕೆ ಹೋದ. ಈಗ ಊಟವನ್ನೂ ಅರ್ಧಕ್ಕೆ ಬಿಡುತ್ತಿದ್ದಾನೆ. ಮೊದಲು ಇದ್ದದ್ದಕ್ಕಿಂತ ಕೆಳಗೆ ಇಳಿಸಿದೆನಲ್ಲ ಅವ್ವ. ಈ ಕಾಗದವನ್ನು ಇಲ್ಲಿಗೆ ನಿಲ್ಲಿಸುತ್ತೇನೆ, ಆ ಡಬ್ಬವನ್ನು ಬಿಚ್ಚಿ ನೋಡಬೇಕು.

ಅಜ್ಜಿಗೆ ನಮಸ್ಕಾರ.

ನಿನ್ನ
ಅಮ್ಮು

*

ರಾಮನಗರ
ಫೆಬ್ರವರಿ 13

ಅವ್ವ,

ನರೇಂದ್ರಣ್ಣನ ಬಾಯಲ್ಲಿ ನೀನು ಹೇಳಿ ಕಳಿಸಿದ ಮಾತು ಬಂತು. "ಬಸ್ ಓಡ್ಸೋದಿರ್ಲಿ, ಮೊದ್ಲು ಒಂದ್ ಲೋಟ ನೀರ್ ಬಗ್ಗಿಸ್ಕೊಂಡ್ ಕುಡಿಯೋಕ್ ಹೇಳು ನಿಮ್ಮಪ್ಪಂಗೆ" ಅಂದೆಯಂತೆ. ನರೇಂದ್ರಣ್ಣ ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ನಿನ್ನ ದನಿಯಲ್ಲೇ ಹೇಳಿದರು. ಕಾಗದದ ಉಳಿದ ವಿಷಯಕ್ಕೆ ಉತ್ತರ ಬರಲಿಲ್ಲ. ಇರಲಿ.

ಡಬ್ಬದ ಕಥೆ ಕೇಳು. ದಪ್ಪಕ್ಷರದ ಕೆಳಗೆ ಇರುವೆ ಗಾತ್ರದ ಅಕ್ಷರಗಳ ಒಂದು ಪಟ್ಟಿ ಇತ್ತು. ಬ್ಯಾಂಕಿನ ಸಾಲದ ಕಾಗದದಲ್ಲಿ ಸಣ್ಣಕ್ಷರ ಓದಿ ಎಂದು ಹಳ್ಳಿ ಹಳ್ಳಿಗೆ ಹೋಗಿ ಹೇಳಿದವಳು, ಇದನ್ನು ಓದಿರಲಿಲ್ಲ. ಕಂಪ್ಯೂಟರಿನ ದೊಡ್ಡ ಹಸಿವೆಲ್ಲ ಹನ್ನೆರಡು ವೋಲ್ಟಿನ ಸಾಲಿನಲ್ಲಿ ಕೂತಿರುತ್ತದೆ. ಆ ಸಾಲಿಗೆ ಈ ಡಬ್ಬ ಕೊಡುವುದು ಹದಿನಾಲ್ಕು ಆಂಪಿಯರ್. ಹನ್ನೆರಡನ್ನು ಹದಿನಾಲ್ಕರಿಂದ ಗುಣಿಸಿದರೆ ನೂರ ಅರವತ್ತೆಂಟು ವ್ಯಾಟು. ಮಿಕ್ಕಿದ್ದು ಯಾರೂ ಉಣ್ಣದ ಬೇರೆ ಸಾಲುಗಳಲ್ಲಿ ಹಂಚಿಹೋಗಿದೆ. ಆ ಸಾಲುಗಳಲ್ಲೂ ಅಷ್ಟು ಇದೆಯೋ ಇಲ್ಲವೋ ದೇವರಿಗೇ ಗೊತ್ತು. ನಮ್ಮ ಗ್ರಾಫಿಕ್ಸ್ ಕಾರ್ಡೊಂದೇ, ಏರು ರಸ್ತೆ, ಕಾಡು, ಮಳೆ ಎಲ್ಲವನ್ನೂ ಒಟ್ಟಿಗೆ ಬಿಡಿಸುವಾಗ ನೂರೆಂಬತ್ತರ ಹತ್ತಿರ ಕೇಳುತ್ತದೆ. ಪ್ರೊಸೆಸರ್ರಿಗೆ ಇನ್ನೊಂದು ಎಪ್ಪತ್ತು. ಒಂದೊಂದು ಕ್ಷಣ ಅದಕ್ಕಿಂತ ಮೇಲಕ್ಕೂ ಹಾರುತ್ತದಂತೆ. ಊರೊಳಗೆ ಓಡುವಾಗ ಹೇಗೋ ತಡೆದುಕೊಂಡ ಡಬ್ಬ ಏರಿನಲ್ಲಿ ಕೈಚೆಲ್ಲುತ್ತಿತ್ತು. ನಾನು ಸೇರಿಸಿದ್ದ ಕನ್ವರ್ಟರಿನ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೂ ಒಂದೆರಡು ಸಲ ಓಡಿಸಿದ್ದರೆ ಮಂಚದ ಪಕ್ಕದಲ್ಲೇ ಬೆಂಕಿ ಹತ್ತುತ್ತಿತ್ತೇನೋ. ಓಡಿಹೋಗಲು ಆಗದ ಮನುಷ್ಯನ ಪಕ್ಕದಲ್ಲಿ. ಅದನ್ನು ಕಿತ್ತು ಕೈಯಲ್ಲಿಟ್ಟುಕೊಂಡೆ.

ತನ್ವೀರಣ್ಣನ ಅಂಗಡಿಗೆ ಹೋಗಿ ಅವನ ಮೇಲೇ ರೇಗಿದೆ. ಗೊತ್ತಿದ್ದರೆ ಲೆಕ್ಕ ಬಿಡಿಸಿ ಹೇಳಬಾರದಿತ್ತೇ ಎಂದೆ. ಅವನು, ನೀನು ಎಲ್ಲಿ ಬಾಯಿ ಬಿಡಲು ಬಿಟ್ಟೆ, ನನ್ನನ್ನೇ ಬಂಡವಾಳಶಾಹಿ ಅಂದೆಯಲ್ಲ ಎಂದ. ಆಮೇಲೆ ನಿಜವಾಗಲೂ ಬಂಡವಾಳಶಾಹಿಯ ಹಾಗೆ 850 ವ್ಯಾಟಿನದೊಂದು ಸಪ್ಲೈ ತಂದು ಮುಂದಿಟ್ಟ. ಅದಕ್ಕೆ ಬಣ್ಣ ಬಣ್ಣದ ದೀಪ ಬೇರೆ. ಮುಂದೆ ದೊಡ್ಡ ಕಾರ್ಡು ಹಾಕಿಸುವಾಗ ಬೇಕಾಗುತ್ತದೆ ಎಂದ. ನಮ್ಮಪ್ಪ ಬಸ್ಸು ಓಡಿಸುತ್ತಾನೆ, ವಿಮಾನ ಅಲ್ಲ ಎಂದೆ. ಕಡಿಮೆ ಕೊಂಡದ್ದು ಮೂರ್ಖತನವಾದರೆ ಹೆಚ್ಚು ಕೊಳ್ಳುವುದೂ ಅಷ್ಟೇ. ಅಂಗಡಿಯ ಸ್ಟೂಲಿನ ಮೇಲೆ ಕೂತು ನಾನೇ ಲೆಕ್ಕ ಹಾಕಿದೆ. ಕಾರ್ಡು, ಪ್ರೊಸೆಸರ್ರು, ಫ್ಯಾನು, ಡಿಸ್ಕು ಎಲ್ಲ ಸೇರಿ ಮುನ್ನೂರರ ಆಚೆ ಈಚೆ. ಕ್ಷಣಕ್ಕೆ ಹಾರುವುದಕ್ಕೂ, ಬೇಸಿಗೆಯ ಸೆಕೆಗೂ, ವರ್ಷ ಕಳೆದಂತೆ ಸವೆಯುವುದಕ್ಕೂ ಒಂದಷ್ಟು ಜಾಗ ಬಿಡಬೇಕು. ಹನ್ನೆರಡು ವೋಲ್ಟಿನ ಸಾಲಿನಲ್ಲೇ ಹತ್ತಿರ ಹತ್ತಿರ ಪೂರ್ತಿ ಕೊಡುವ, ಕನ್ವರ್ಟರ್ ಇಲ್ಲದೆ ತನ್ನದೇ ಎಂಟು ಪಿನ್ನಿನ ತಂತಿ ಇರುವ, ಹೊರೆ ಹೆಚ್ಚಾದರೆ ಸುಡದೆ ತಾನೇ ಆರಿಕೊಳ್ಳುವ 550 ವ್ಯಾಟಿನದು ಸಾಕು. ವಾರಂಟಿ ಐದು ವರ್ಷ. ದೀಪ ಇಲ್ಲ. ಹಳೇ ಡಬ್ಬವನ್ನು ಎಸೆಯಬಾರದೆಂದು ತನ್ವೀರಣ್ಣನಿಂದ ಮಾತು ತೆಗೆದುಕೊಂಡೆ, ಬರೀ ಬೋರ್ಡುಗಳನ್ನು ಪರೀಕ್ಷೆ ಮಾಡಲು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಾನೆ. ಎಲ್ಲ ಹಳೆಯದೇ ಆಗಿರಲಿ ಎಂಬ ನನ್ನ ನಿಯಮಕ್ಕೆ ಈ ಒಂದು ತೂತು ಬಿತ್ತು. ಇನ್ನೂ ಚುಚ್ಚುತ್ತಿದೆ, ಆದರೆ ಕಂದು ಬಣ್ಣದ ಆ ತುದಿಯಷ್ಟು ಅಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಬೇಡವೇ ಬೇಡ ಎಂದ. ಯಾಕೆ ಗೊತ್ತೇ? ಡೀಸಲ್ ಉಳಿಸಿದ್ದಕ್ಕೆ ಡಿಪೋದಲ್ಲಿ ಶಾಲು ಹೊದಿಸಿಕೊಂಡ ಡ್ರೈವರು ಅವನು.

"ಐನೂರೈವತ್ತು ಅಂದ್ರೆ ಐನೂರೈವತ್ತೂ ಕುಡೀತದೆ ಕಣವ್ವ. ಸಣ್ ಗಾಡೀಗೆ ದಪ್ಪ ಎಂಜಿನ್ ಮಡಗೋರು ತಲೆ ಇಲ್ದೋರು. ಬಿಟ್ಟಿ ಯೂನಿಟ್ ದಾಟುದ್ರೆ ಬಿಲ್ ಯಾರ್ ಕಟ್ತಾರೆ?"

ಇದನ್ನು ಹೇಳಲು ಅವನು ಗೋಡೆಯಿಂದ ಈ ಕಡೆಗೆ ತಿರುಗಿದ. ನಾನು ಹಾಗಲ್ಲ ಎಂದೆ. ಅವನು ಎಂಜಿನ್ನಿನ ವಿಷಯ ನನಗೆ ಹೇಳಿಕೊಡ್ತೀಯಾ ಎಂದ. ನಾನು ದನಿ ಎತ್ತಿದೆ, ಅವನು ನನಗಿಂತ ಎತ್ತಿದ, ಎತ್ತುತ್ತಾ ಎತ್ತುತ್ತಾ ಎದ್ದು ಕೂತ. ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದ ಅಖ್ತರಿ ಆಂಟಿ ಕಿಟಕಿಯಲ್ಲಿ ಇಣುಕಿ ಹೋದರು. ನಾನು ಕೊನೆಗೆ ಕೇಳಿದೆ.

"ಅಪ್ಪ, ಖಾಲಿ ಬಸ್ಸು ಇಳಿಜಾರಲ್ಲಿ ಬರುವಾಗ ಎಷ್ಟು ಕುಡೀತಿತ್ತು? ಜನ ತುಂಬಿ ಏರು ಹತ್ತುವಾಗ ಎಷ್ಟು? ಎಂಜಿನ್ನು ಅದೇ ಅಲ್ಲವಾ?"

ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ನಾನು ವಿವರಿಸಿದೆ. ಡಬ್ಬದ ಮೇಲಿನ ಸಂಖ್ಯೆ ಅದು ಕುಡಿಯುವುದಲ್ಲ, ಬೇಕೆಂದಾಗ ಕೊಡಬಲ್ಲದ್ದು. ಕೇಳಿದಷ್ಟೇ ಕೊಡುತ್ತದೆ. ಹಳೆಯದು ಏರಿನಲ್ಲಿ ಕೇಳಿದ್ದನ್ನು ಕೊಡಲಾರದೆ ನಿಂತಿತು. ಅಪ್ಪ ನನ್ನ ಕೈಯಲ್ಲಿದ್ದ ಸುಟ್ಟ ತುದಿಯನ್ನು ಇಸಿದುಕೊಂಡ. ತಿರುಗಿಸಿ ನೋಡಿದ, ಮೂಸಿ ನೋಡಿದ.

"ಹಂಗಾರೆ ಏರಲ್ಲಿ ಗಾಡಿ ನಿಲ್ಸಿದ್ದು ನಾನಲ್ಲ" ಎಂದ.

"ನೀನಲ್ಲ ಅಪ್ಪ."

"ಅದ್ನ ಅವತ್ತೇ ಹೇಳಕ್ಕೇನಾಗಿತ್ತು ನಿಂಗೆ" ಎಂದು ನನ್ನನ್ನೇ ಬೈದ. ಅವತ್ತೇ ಹೇಳಿದ್ದೆ. ಆದರೆ ನಾನು ಅದನ್ನು ನೆನಪಿಸಲಿಲ್ಲ.

ಹೊಸದನ್ನು ಹಾಕಲು ತನ್ವೀರಣ್ಣ ಭಾನುವಾರ ಬರುತ್ತಾನೆ. ಮಾಗಡಿಯವರು ಮತ್ತೆ ಫೋನು ಮಾಡಿದ್ದರು. ತಿಂಗಳು ಮುಗಿಯುವುದರೊಳಗೆ ಹೇಳುತ್ತೇನೆ ಎಂದಿದ್ದೇನೆ. ನನಗೆ ನಿದ್ದೆಯೇ ಸರಿಯಾಗಿ ಬರುತ್ತಿಲ್ಲ. ಅಡುಗೆ ಮಾಡುತ್ತಾ ಬಸ್ಸಿನ ವೇಳೆ ಲೆಕ್ಕ ಹಾಕುತ್ತೇನೆ, ಉಪ್ಪು ಎರಡು ಸಲ ಹಾಕುತ್ತೇನೆ. ಅಪ್ಪ ಉಗಿದು ಉಗಿದು ತಿನ್ನುತ್ತಾನೆ.

ನಿನ್ನ
ಅಮ್ಮು

*

ರಾಮನಗರ
ಫೆಬ್ರವರಿ 26

ಪ್ರೀತಿಯ ಅವ್ವ,

ನೀನು ಕಳಿಸಿದ ಅವರೆಕಾಯಿ ಬಂತು. ಜೊತೆಗೆ ಮಾತು ಏನೂ ಬರಲಿಲ್ಲ. ನರೇಂದ್ರಣ್ಣನನ್ನು ಎರಡೆರಡು ಸಲ ಕೇಳಿದೆ, ಕಾಯಿ ಕೊಟ್ಟರು, ಅಷ್ಟೇ ಕಣಮ್ಮ ಎಂದರು. ಸುಲಿದು ಸಾರು ಮಾಡಿದೆ. ಅಪ್ಪ ಇದು ಕೋಡಿಹಳ್ಳಿ ಕಾಯಿ ಎಂದು ಕೇಳದೆಯೇ ಹೇಳಿದ.

ಹೊಸ ಸಪ್ಲೈ ಹಾಕಿದೆವು. ತನ್ವೀರಣ್ಣ ಸ್ಕ್ರೂ ಬಿಗಿಯುತ್ತಾ, ಇದರ ಮೇಲೂ ಒಂದು ಕರಪತ್ರ ಬರಿ, ನನ್ನ ಬಾಗಿಲಿಗೆ ನಾನೇ ಅಂಟಿಸಿಕೊಳ್ಳುತ್ತೇನೆ ಎಂದ. ನಿಜವಾಗಲೂ ಬರೆಯುತ್ತಿದ್ದೇನೆ. ದಪ್ಪಕ್ಷರದ ವ್ಯಾಟು ತೋರಿಸಿ ಬಡವರ ಮಕ್ಕಳಿಗೆ ಮಾರುವ ಮೋಸದ ಡಬ್ಬಗಳ ಬಗ್ಗೆ. ಮಾಗಡಿಯಲ್ಲಿ ನಾನು ಅಚ್ಚು ಹಾಕುವ ಮೊದಲನೆಯದು ಅದೇ ಆಗಬೇಕು.

ಅಪ್ಪ ಬಂದು ಕೂತ. ಸ್ಟೇರಿಂಗು ಹಿಡಿದ. ಎಂಜಿನ್ ಶುರುವಾಯಿತು. ಬಸ್ಸು ಮಾತ್ರ ಮುಂದಕ್ಕೆ ಹೋಗಲಿಲ್ಲ. ಮತ್ತೆ ಕೆಟ್ಟಿತು ಎಂದು ನಾನು ಪೆಟ್ಟಿಗೆಯ ಕಡೆ ಬಗ್ಗಿದೆ. ಅಪ್ಪ ಮುಂದೆ ನೋಡಿಕೊಂಡೇ ಕೇಳಿದ.

"ರೈಟ್ ಯಾರ್ ಹೇಳ್ತಾರೆ?"

ಕಂಡಕ್ಟರು ರೈಟ್ ಎನ್ನದೆ ಅವನು ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಗಾಡಿ ಎತ್ತಿಲ್ಲವಂತೆ. ಹಿಂದಿನ ಬಾಗಿಲಲ್ಲಿ ಯಾರು ಹತ್ತುತ್ತಿದ್ದಾರೆ, ಯಾರ ಸೀರೆ ಸಿಕ್ಕಿಕೊಂಡಿದೆ ಡ್ರೈವರಿಗೆ ಕಾಣುವುದಿಲ್ಲ ಎಂದ. ಇದರಲ್ಲಿ ಯಾರೂ ಇಲ್ಲ ಅಪ್ಪ, ಎಲ್ಲ ಬೊಂಬೆಗಳು ಎಂದೆ. ಬೊಂಬೆಗೆ ಸೀರೆ ಇಲ್ಲವಾ ಎಂದ. ಮೊದಲ ದಿನ ನಾನು ಗಾಬರಿಯಲ್ಲಿ ಹೂಂ ಹೊರಡು ಎಂದಿದ್ದೆ, ಅದನ್ನೇ ಅವನು ರೈಟ್ ಎಂದು ತೆಗೆದುಕೊಂಡಿದ್ದನಂತೆ. ಸರಿ, ನಾನು ಹಿಂದೆ ನಿಂತು ರೈಟ್ ಎಂದೆ. ಬಸ್ಸು ಹೊರಟಿತು.

ಊರು ಕಳೆಯಿತು. ಕಾಡು ಬಂತು, ಅದೇ ಏರು, ಅದೇ ಮಳೆ. ನನ್ನ ಕಣ್ಣು ಪರದೆಯ ಮೇಲಿರಲಿಲ್ಲ, ಡಬ್ಬದ ಮೇಲೆ ಕೈ ಇಟ್ಟು ನಿಂತಿದ್ದೆ. ಫ್ಯಾನಿನ ಸದ್ದು ಒಸಿ ಏರಿತು, ಅಷ್ಟೇ. ಬಸ್ಸು ಹತ್ತಿತು, ತಿರುಗಿತು, ಇನ್ನೊಂದು ತಿರುವು ಹತ್ತಿತು, ಬೆಟ್ಟದ ನೆತ್ತಿಗೆ ಹೋಗಿ ನಿಂತಿತು. ಅಪ್ಪ ಹ್ಯಾಂಡ್ ಬ್ರೇಕು ಹಾಕಿ ಟವಲಿನಲ್ಲಿ ಮುಖ ಒರೆಸಿಕೊಂಡ. ಅವನಿಗೆ ನಿಜವಾಗಲೂ ಬೆವರು ಬಂದಿತ್ತು.

ಅವತ್ತಿನಿಂದ ದಿನವೂ ಡ್ಯೂಟಿ. ಯಾವ ದೇಶದ್ದೋ ರಸ್ತೆ, ಹಳ್ಳ ಇಲ್ಲ, ಹಸ ಅಡ್ಡ ಬರುವುದಿಲ್ಲ, ಓಡಿಸಲು ಬೇಜಾರು ಎಂದು ಗೊಣಗುತ್ತಾನೆ. ಆ ದೇಶದ ಊರುಗಳಿಗೆಲ್ಲ ತಾನೇ ಹೆಸರಿಟ್ಟಿದ್ದಾನೆ. ಸೇತುವೆ ದಾಟಿದರೆ ಅಕ್ಕೂರು, ಚರ್ಚಿನ ಹತ್ತಿರ ಕನಕಪುರ. ಬೆಟ್ಟದ ನೆತ್ತಿಯಲ್ಲಿರುವ ಕೊನೆಯ ಸ್ಟಾಪಿಗೆ ಏನು ಹೆಸರಿಟ್ಟಿದ್ದಾನೆಂದು ನಾನು ಬರೆಯುವುದಿಲ್ಲ.

ಆದರೆ ನನ್ನ ಸ್ಥಿತಿ ನೋಡು. ಅಪ್ಪ ಮಂಚ ಬಿಡಲಿ, ನಾನು ಮಾಗಡಿಗೆ ಹೋಗಲಿ ಎಂದು ಇಷ್ಟೆಲ್ಲ ಕಟ್ಟಿದೆ. ಈಗ ಪ್ರತಿ ಸ್ಟಾಪಿನಲ್ಲೂ ಅವನ ಬೆನ್ನ ಹಿಂದೆ ನಿಂತು ಹೋಲ್ಡಾನ್ ಅನ್ನಬೇಕು, ರೈಟ್ ಅನ್ನಬೇಕು. ಒಗ್ಗರಣೆ ಹಾಕುತ್ತಿದ್ದರೆ ಕೂಗುತ್ತಾನೆ, "ಅಮ್ಮು, ಪ್ಯಾಸೆಂಜರ್ ಕಾಯ್ತಾವ್ರೆ." ನಾನು ಸೌಟು ಹಿಡಿದು ಓಡುತ್ತೇನೆ. ಸಂಬಳವಿಲ್ಲದ ಕಂಡಕ್ಟರು. ಒಂದು ಸಂಜೆ ಸ್ನಾನದ ಮನೆಯಿಂದಲೇ ರೈಟ್ ಎಂದು ಕೂಗಿ, ಬಾಗಿಲಿಗೆ ಒರಗಿ ಕೂತು ಅತ್ತೆ. ಇನ್ನೂ ಎಷ್ಟು ಕೊಟ್ಟರೆ ಸಾಕು ಈ ಮನೆಗೆ ಎನ್ನಿಸಿತು.

ಮಾರನೇ ದಿನ ಅಪ್ಪನ ಮುಂದೆ ಕೂತು ಮಾಗಡಿಯ ವಿಷಯವನ್ನೆಲ್ಲ ಹೇಳಿದೆ. ಸೋಮವಾರ ಒಂದು ದಿನ ಹೋಗಿ ಅವರ ಕೆಲಸ ನೋಡಿ ಬರುತ್ತೇನೆ, ಇರುತ್ತೀಯಾ ಎಂದೆ. ಅವನು ಸ್ಟೇರಿಂಗನ್ನು ಒಂದು ಸಲ ಆ ಕಡೆ ಈ ಕಡೆ ತಿರುಗಿಸಿದ. ಮುದ್ದೆ ಮುಚ್ಚಿಟ್ಟು ಹೋಗು ಎಂದ.

ಹೋದೆ. ಅಚ್ಚುಕೂಟದ ಶಾಯಿಯ ವಾಸನೆ, ಮಡಿಸುವ ಹೆಂಗಸರ ಮಾತು, ಗೋಡೆಯ ತುಂಬ ಪುಸ್ತಿಕೆಗಳು, ಎಲ್ಲವೂ ನಾನು ಅಂದುಕೊಂಡ ಹಾಗೇ ಇತ್ತು. ನಾನೇ ಅಲ್ಲಿ ಇರಲಿಲ್ಲ. ಅಪ್ಪ ಎಂಜಿನ್ ಶುರು ಮಾಡಿ, ಯಾರೂ ರೈಟ್ ಹೇಳದೆ, ಬಸ್‌ಸ್ಟ್ಯಾಂಡಿನಲ್ಲೇ ಕೂತಿರುವುದು ಕಣ್ಣ ಮುಂದೆ ಬರುತ್ತಿತ್ತು. ಅವರು ಊಟಕ್ಕೆ ಕರೆದರೂ ಕೂರದೆ, ಹೇಳಿದ್ದಕ್ಕಿಂತ ಮುಂಚೆಯೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡ್ರೈವರನ್ನು ಮನಸ್ಸಿನಲ್ಲೇ ಬೈಯುತ್ತಾ ಬಂದೆ.

ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅಖ್ತರಿ ಆಂಟಿಯ ದನಿ.

"ಹೋಲ್ಡಾನ್, ಹೋಲ್ಡಾನ್. ಅಜ್ಜಿ ಇಳೀತೈತೆ, ಒಸಿ ತಡೀರಿ. ಹಾಂ, ರೈಟ್."

ಒಳಗೆ ಹೋಗಿ ನೋಡಿದರೆ ಆಂಟಿ ಮಂಚದ ಮೇಲೆ ರೇಷ್ಮೆ ಲಡಿಗಳನ್ನು ಹರಡಿಕೊಂಡು, ಎಳೆ ಬಿಡಿಸುತ್ತಾ, ಪರದೆಯ ಮೇಲೆ ಕಣ್ಣಿಟ್ಟು ಕೂತಿದ್ದರು. ಅಪ್ಪ ಓಡಿಸುತ್ತಿದ್ದ. ಅವನ ಎಡ ಮೊಣಕಾಲಿನ ಕೆಳಗೆ ಆ ಕೃತಕ ಕಾಲು ಇತ್ತು. ನಿನ್ನ ಹಳೇ ಸೀರೆಯ ತುಂಡು ನೆಲದ ಮೇಲೆ ಬಿದ್ದಿತ್ತು.

ಅಪ್ಪ ಹೇಳಲಿಲ್ಲ, ಆಂಟಿಯೇ ಹೇಳಿದರು. ಬೆಳಿಗ್ಗೆ ಬಹಳ ಹೊತ್ತು ಬಸ್ಸಿನ ಎಂಜಿನ್ ಸದ್ದು ಒಂದೇ ಸಮ ಬರುತ್ತಿತ್ತಂತೆ. ಆಮೇಲೆ ಶೆಡ್ಡಿನ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತಂತೆ.

"ನೋಡ್ತೀನಿ, ನಿಮ್ಮಪ್ಪ. ಗೋಡೆ ಹಿಡ್ಕೊಂಡ್ ನಿಂತವ್ರೆ, ಮೈಯೆಲ್ಲಾ ಬೆವ್ರು. ಏನಾಯ್ತೋ ಅಲ್ಲಾ ಅಂತ ಬಾಂಡ್ಲೀಲಿ ಗೂಡ್ ಬಿಟ್ಟು ಓಡ್ದೆ. ಅವ್ರು, ಒಂದ್ ರೈಟ್ ಹೇಳಿ ಬನ್ನಿ ಅಕ್ಕ ಅಂತಾರೆ. ಆಮೇಲ್ ಎದ್ದೇಳೋಕೇ ಬಿಡ್ಲಿಲ್ಲ. ಕನಕಪುರಕ್ಕೆ ಎರಡ್ ಟ್ರಿಪ್ಪು ಹೋಗ್ಬಂದೆ ಕಣಮ್ಮ, ಟಿಕೀಟೂ ಕೇಳ್ಲಿಲ್ಲ. ಹೆಂಗಸ್ರಿಗೆ ಫ್ರೀ ಅಂತೆ."

ಆಸ್ಪತ್ರೆಯಲ್ಲಿ ಕಾಲು ತೆಗೆದ ಮೇಲೆ ಅಪ್ಪ ತಾನಾಗಿ ಹೊಸ್ತಿಲು ದಾಟಿದ್ದು ಇದೇ ಮೊದಲು. ಆ ಕಾಲಿನ ಬಟ್ಟಲು ಉಜ್ಜಿ ಚರ್ಮ ಕೆಂಪಾಗಿತ್ತು, ನಾನು ಎಣ್ಣೆ ಹಚ್ಚುವಾಗ ಮುಖ ಕಿವುಚಿದ, ಬೇಡ ಎನ್ನಲಿಲ್ಲ. ನಾನು ಮುಚ್ಚಿಟ್ಟ ಮುದ್ದೆ ಹಾಗೇ ಇತ್ತು. ಊಟ ಮಾಡಲಿಲ್ಲವಾ ಎಂದರೆ, ಅಖ್ತರಕ್ಕನ ಮನೆ ರೊಟ್ಟಿ ತಿಂದೆ, ನಿನ್ನ ಸಾರಿಗೆ ಉಪ್ಪು ಜಾಸ್ತಿ ಎಂದ. ನೋಡುತ್ತಾ ಇರುವಂತೆಯೇ ಎದ್ದು, ಗೋಡೆ ಹಿಡಿದು ಹೋಗಿ, ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದ.

ಅದೇ ಸಂಜೆ ಮಾಗಡಿಗೆ ಫೋನು ಮಾಡಿ ಬರುತ್ತೇನೆ ಎಂದೆ. ದಿನವೂ ಆಂಟಿ ಬರಲಾರರು ಎಂದು ಗೊತ್ತು. ಅವರಿಗೂ ಒಲೆ ಇದೆ, ಗೂಡು ಇದೆ. ರೈಟ್ ಹೇಳುವವರನ್ನು ಅಪ್ಪನೇ ಹುಡುಕಿಕೊಳ್ಳಲಿ. ಬೀದಿಯಲ್ಲಿ ಕೆಲಸವಿಲ್ಲದ ಗಂಡಸರು ಬೇಕಾದಷ್ಟು ಜನ ಇದ್ದಾರೆ, ಹೋಗಿ ಕರೆಯಲು ಈಗ ಅವನಿಗೆ ಕಾಲಿದೆ.

ಅಜ್ಜಿಗೆ ನನ್ನ ನಮಸ್ಕಾರ ಹೇಳು. ಮಾವನ ಮಗಳು ಸಿರಿಗೆ ನನ್ನ ಆಶೀರ್ವಾದ, ಚೆನ್ನಾಗಿ ಓದಲಿ, ಯಾರ ಮಾತನ್ನೂ ಸುಮ್ಮನೆ ನಂಬದಿರಲಿ. ಮನೆಯವರೆಲ್ಲ ತಣ್ಣಗಿರಲಿ. ನೀನು ಬಿಸಿಲಲ್ಲಿ ಹೆಚ್ಚು ಓಡಾಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು
ಅಮೂಲ್ಯ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮನೆಗೆಲಸಕ್ಕೆ ರಜೆಯಿಲ್ಲ, ಸಂಬಳವಿಲ್ಲ, ಸಾಕೆನಿಸಿದಾಗ ಇಳಿಸಿಟ್ಟು ಹೋಗುವ ಹಕ್ಕು ಹೆಂಗಸಿಗಿದೆ ಎಂಬ ಪುಸ್ತಿಕೆಯನ್ನು ಗೌರಿ ಹಬ್ಬದ ದಿನ ನಿನಗೆ ಓದಿ ಹೇಳಿದವಳು ನಾನೇ. ನೀನು ಹೂ ಕಟ್ಟುತ್ತಾ ಕೇಳಿಸಿಕೊಂಡೆ. ಮರುವಾರ ಅಜ್ಜಿಯ ಸೊಂಟ ನೋವು ಎಂದು ನೀನು ಹೊರಟೆ. ಆ ಪುಸ್ತಿಕೆಯ ಒಂದು ಸಾಲನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನೀನು ಅಪ್ಪನನ್ನು ಬಿಟ್ಟು ಹೋದದ್ದು ತಪ್ಪೆಂದು ಯಾರಾದರೂ ಅಂದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ನೀನು ಇಳಿಸಿಟ್ಟದ್ದು ನೆಲದ ಮೇಲೆ ಉಳಿಯಲಿಲ್ಲ ಅವ್ವ, ನನ್ನ ತಲೆಗೆ ಬಂತು. ಅದು ಪುಸ್ತಿಕೆಯಲ್ಲಿ ಬರೆದಿರಲಿಲ್ಲ. ನೀನು ಹೊರಟ ದಿನ ನಾನು ಸ್ನಾನ ಮಾಡುತ್ತಿದ್ದೆ, ತಲೆ ಒರೆಸಿಕೊಂಡು ಬರುವಷ್ಟರಲ್ಲಿ ನೀನು ಇರಲಿಲ್ಲ. ಬಚ್ಚಲ ಬಾಗಿಲು ತಟ್ಟಿ, ಅಮ್ಮು, ಹೋಗಲಾ ಎಂದು ಒಂದು ಮಾತು ಕೇಳಿದ್ದರೆ, ಹೋಗು ಅನ್ನುತ್ತಿದ್ದೆ.